ಹಂಪಿಯಲ್ಲಿ ಗೋಪುರ ತಲೆಕೆಳಗಾಗಿ ಕಾಣುವುದು ಹೇಗೆ? ಮನೆಯಲ್ಲೂ ಹೀಗೆ ಮಾಡಬಹುದೇ?

ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆ ಮಂಟಪದ ಗೋಡೆಯ ಮೇಲೆ ಕಾಣುವುದು ಗೋಪುರದ ನೆರಳಲ್ಲ, ಬಿಂಬ. ಪೂರ್ವದ ರಾಜಗೋಪುರದ ತುದಿಯಿಂದ ಬಂದ ಬೆಳಕು ಮಂಟಪದ ಸಣ್ಣ ಕಿಂಡಿಯೊಳಗೆ ನೇರವಾಗಿ ತೂರಿ ಕೆಳಗೆ ಬೀಳುತ್ತದೆ, ಬುಡದಿಂದ ಬಂದದ್ದು ಮೇಲಕ್ಕೆ ಹೋಗುತ್ತದೆ. ಎಡಬಲವೂ ಅದಲುಬದಲು. ಬೆಳಗ್ಗೆ ಸೂರ್ಯ ಗೋಪುರದ ಆಚೆ ಇರುವುದರಿಂದ ಹೊಳೆಯುವ ಆಕಾಶದೆದುರು ಅದು ಕಪ್ಪಾಗಿ ಮೂಡುತ್ತದೆ, ಹಾಗಾಗಿ ನೆರಳಿನಂತೆ ಕಾಣುತ್ತದೆ.

ಮನೆಯಲ್ಲಿ ಖಂಡಿತ ಮಾಡಬಹುದು. ಎದುರಿನ ಮನೆಗೋ ಮರಕ್ಕೋ ಚೆನ್ನಾಗಿ ಬಿಸಿಲು ಬೀಳುವ ಹೊತ್ತು ನೋಡಿಕೊಂಡು, ಇತ್ತಕಡೆಯ ಕಿಟಕಿಯನ್ನು ದಪ್ಪ ಕಪ್ಪು ರಟ್ಟಿನಿಂದ ಪೂರ್ತಿ ಮುಚ್ಚಿ. ನಡುವೆ 10 ಮಿ.ಮೀ. ತೂತು ಸಾಕು. ಮೂರು ಮೀಟರ್ ಒಳಗೆ ಬಿಳಿ ಬೆಡ್‌ಶೀಟ್ ಕಟ್ಟಿ. 20 ಮೀಟರ್ ದೂರದ 10 ಮೀಟರ್ ಎತ್ತರದ ಮನೆ ಅದರ ಮೇಲೆ ಒಂದೂವರೆ ಮೀಟರ್ ಬರುತ್ತದೆ.

ಏನೂ ಕಾಣುತ್ತಿಲ್ಲವೆಂದರೆ ಮೊದಲು ಬಾಗಿಲ ಸಂದು, ವೆಂಟಿಲೇಟರ್ ನೋಡಿ. ಸೋರುವ ಬೆಳಕೇ ಬಿಂಬವನ್ನು ನುಂಗುವುದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಅವಸರದಲ್ಲಿ ತೂತು ದೊಡ್ಡದು ಮಾಡಬೇಡಿ: ಹೊರಗಿನ ಪ್ರತಿ ಬಿಂದುವೂ ತೂತಿನಷ್ಟು ಅಗಲದ ಚುಕ್ಕೆಯಾಗಿ ಹರಡಿ, ಬೆಳಕು ಹೆಚ್ಚಿದರೂ ಚಿತ್ರ ಮಸುಕಾಗುತ್ತದೆ. 5 ಮಿ.ಮೀ.ಗೆ ಇಳಿಸಿದರೆ ಗೆರೆಗಳು ಸ್ಪಷ್ಟ, ಆದರೆ ಬೆಳಕು ಕಾಲು ಭಾಗ ಮಾತ್ರ. ಫೋನಿನಲ್ಲಿ ಸೆರೆಹಿಡಿಯಲು ಟ್ರೈಪಾಡ್ ಇಟ್ಟು, ಪ್ರೋ ಮೋಡ್‌ನಲ್ಲಿ ಶಟರ್ ತೆರೆದಿರುವ ಸಮಯವನ್ನು 10 ಸೆಕೆಂಡಿನಿಂದ ಶುರುಮಾಡಿ.