ಹುಳಕ್ಕೆ ಹಾರ ಹಾಕಬೇಡಿ

ನಮಸ್ಕಾರ.

ಕಣಜದ ಹುಳದ ಬಗ್ಗೆ ನೀವು ಬರೆದ 'ಕಣಜದ ಮಹಾತ್ಯಾಗ' ಲೇಖನ ಓದಿದೆ. ಭಾಷೆ ಹದವಾಗಿದೆ, ಕಿಟಕಿ ಮೂಲೆಯ ಗೂಡಿನ ವರ್ಣನೆ ಚೆನ್ನಾಗಿದೆ. ಹೊಗಳಿಕೆ ಇಷ್ಟು ಸಾಕು, ಎರಡನೇ ಪ್ಯಾರಾಕ್ಕೆ ಬನ್ನಿ.

"ರಾಣಿಯ ಆಜ್ಞೆಗೆ ತಲೆಬಾಗಿ ಕೆಲಸಗಾರ್ತಿಯರು ದುಡಿಯುತ್ತಾರೆ." ಯಾವ ಆಜ್ಞೆ? ನೀವು ಹೆಸರಿಸಿದ್ದು ರೋಪಾಲಿಡಿಯಾ ಮಾರ್ಜಿನೇಟ ಅನ್ನುವ ಕಣಜ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ಶಿಷ್ಯರು ದಶಕಗಟ್ಟಲೆ ಕೂತು ನೋಡಿದ ಹುಳ ಅದು. ಅದರ ರಾಣಿ ಬಲು ಸಾಧು. ಯಾರ ಮೇಲೂ ಏರಿ ಹೋಗುವವಳಲ್ಲ. ಆದರೆ ಅವಳನ್ನು ಗೂಡಿನಿಂದ ತೆಗೆದರೆ ನಿಮಿಷಗಳಲ್ಲೇ ಒಬ್ಬ ಕೆಲಸಗಾರ್ತಿ ರೊಚ್ಚಿಗೇಳುತ್ತಾಳೆ. ರಾಣಿಯನ್ನು ವಾಪಸ್ ಬಿಟ್ಟರೆ ತೆಪ್ಪಗಾಗುತ್ತಾಳೆ. ಬಿಡದಿದ್ದರೆ ವಾರದ ಆಸುಪಾಸಿನಲ್ಲಿ ಅವಳೇ ಮೊಟ್ಟೆ ಇಡುತ್ತಾಳೆ. ನಿಮ್ಮ ತ್ಯಾಗಮಯಿ ಇವಳೇ ಅಲ್ವಾ?

ಮುಂದಿನ ಸಾಲು: "ಜಾತಿ ಉಳಿಯಲೆಂದು ತನ್ನ ಸಂತಾನವನ್ನೇ ತೊರೆಯುತ್ತಾಳೆ." ಇದಕ್ಕೆ ಸಿಟ್ಟೇ ಬಂತು. ಜಾತಿ ಉಳಿಯಬೇಕು ಅಂತ ಯಾವ ಹುಳ ಯೋಚಿಸುತ್ತದೆ? 1964ರಲ್ಲೇ ಬ್ರಿಟಿಷ್ ಜೀವವಿಜ್ಞಾನಿ ಹ್ಯಾಮಿಲ್ಟನ್ ಲೆಕ್ಕ ಹಾಕಿಟ್ಟಿದ್ದಾರೆ. ನೆರವು ಪಡೆದವರ ಲಾಭವನ್ನು ರಕ್ತಸಂಬಂಧದ ಪಾಲಿನಿಂದ, ಅಂದರೆ ಇಬ್ಬರ ವಂಶವಾಹಿಗಳು ಎಷ್ಟು ಪಾಲು ಒಂದೇ ಅನ್ನುವುದರಿಂದ, ಗುಣಿಸಿ. ಅದು ನೆರವು ಕೊಟ್ಟವರ ನಷ್ಟಕ್ಕಿಂತ ಜಾಸ್ತಿಯಾದರೆ ಆ ಗುಣ ಹಬ್ಬುತ್ತದೆ. ಕಣಜದ ಗಂಡು ಫಲಿಸದ ಮೊಟ್ಟೆಯಿಂದ ಹುಟ್ಟುವುದರಿಂದ ಒಂದೇ ಅಪ್ಪನ ಅಕ್ಕತಂಗಿಯರ ಪಾಲು ಮುಕ್ಕಾಲು, ತಾಯಿ ಮಗಳದ್ದು ಅರ್ಧ. ತಂಗಿಯನ್ನು ಸಾಕುವುದೇ ಲಾಭ ಅಂದುಕೊಂಡಿರಾ? ತಡೆಯಿರಿ. ಈ ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುತ್ತಾಳೆ, ಅಪ್ಪಂದಿರು ಬೇರೆಯಾದಾಗ ಆ ಪಾಲು ಮುಕ್ಕಾಲಿಗಿಂತ ಕೆಳಗಿಳಿಯುತ್ತದೆ. ಮತ್ಯಾಕೆ ದುಡಿಮೆ? ಒಂಟಿಯಾಗಿ ಗೂಡು ಕಟ್ಟಿದವಳು ಮರಿ ದೊಡ್ಡದಾಗುವ ಮೊದಲೇ ಸತ್ತರೆ ಎಲ್ಲಾ ನೀರುಪಾಲು. ಗುಂಪಿನಲ್ಲಿದ್ದು ಸತ್ತರೆ ಅವಳು ಅರ್ಧ ಸಾಕಿದ್ದನ್ನು ಉಳಿದವರು ಮುಂದುವರಿಸುತ್ತಾರೆ. ನಿಮ್ಮ ಲೇಖನ ಶುರುವಾಗಬೇಕಿದ್ದದ್ದೇ ಇಲ್ಲಿಂದ.

ನಾನೇನು ಕಮ್ಮಿ ಇರಲಿಲ್ಲ. ಕೆಲಸ ಕಲಿಯುವಾಗ ಜೇನಿನ ಬಗ್ಗೆ ಒಂದು ಪುಟ ಬರೆದು 'ಹುತಾತ್ಮ' ಅಂತ ಮೂರು ಕಡೆ ಹಾಕಿದ್ದೆ. ನಮ್ಮ ಸಂಪಾದಕರು ಮೂರಕ್ಕೂ ಕೆಂಪು ಗೀಟು ಎಳೆದು, ಅಂಚಿನಲ್ಲಿ "ಹುಳಕ್ಕೆ ಹಾರ ಹಾಕಬೇಡ" ಅಂತ ಬರೆದರು. ಎರಡು ದಿನ ಅವರ ಕೋಣೆ ಕಡೆ ತಲೆ ಹಾಕಲಿಲ್ಲ. ಮೂರನೇ ದಿನ ಜೇನು ಸಾಕುವವರೊಬ್ಬರ ತೋಟಕ್ಕೆ ಹೋದೆ. ಕಣ್ಣಿನ ರೆಪ್ಪೆಗೆ ಕಚ್ಚಿಸಿಕೊಂಡು ಬಂದೆ, ಅದು ಬೇರೆ ಕತೆ.

ಆ ಗೂಡು ಇನ್ನೂ ಕಿಟಕಿಯಲ್ಲಿದೆ ತಾನೇ? ಯಾರಿಗೂ ಕೀಳಲು ಬಿಡಬೇಡಿ. ಒಂದು ಬೆಳಗ್ಗೆ ಸುಮ್ನೆ ದೂರ ಕೂತು, ಯಾರು ಆಹಾರ ತಂದಳು, ಯಾರು ಕಸಿದುಕೊಂಡಳು, ಯಾರು ಕೂತೇ ಇದ್ದಳು ಅಂತ ಬರೆದು ಕಳಿಸಿ.