ಐಸ್ ಹಾಕಿ: ಕೋಲಿಗಿಂತ ಮೊದ್ಲು ಕಾಲು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಐಸ್ ಹಾಕಿ ಬಗ್ಗೆನೇ. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ನಮ್ಮ ಹೆಣ್ಮಕ್ಳ ಟೀಮ್ ಕಂಚು ಗೆದ್ದಿದ್ದು ಒಂದು ಕಾರಣ ಇರ್ಬಹುದು, ಮಕ್ಕಳು ಮೊಬೈಲಲ್ಲಿ ನೋಡೋ ಫೈಟ್ ವಿಡಿಯೋಗಳು ಇನ್ನೊಂದು ಕಾರಣ ಅನ್ಸುತ್ತೆ. ಸರಿ, ಶುರು ಮಾಡೋಣ.

ನಾನು ಸ್ಕೂಲಿಂದ್ಲೂ ಹಾಕಿ ಆಡ್ತಿದೀನಿ, ನಮ್ಮ ಕುಟುಂಬದ ಟೀಮಲ್ಲಿ ಕೊಡವ ಹಾಕಿ ನಮ್ಮೆಗೂ ಇಳಿದಿದೀನಿ. ಐಸ್ ಹಾಕಿಗೆ ಹೋದ್ರೆ ಬೇಗ ಹಿಡಿತ ಸಿಗುತ್ತಾ? (ಪೊನ್ನಂಪೇಟೆಯ ಕಾಲೇಜ್ ವಿದ್ಯಾರ್ಥಿ)

ಕಣ್ಣಿಗೆ ಬೇಗ ಸಿಗುತ್ತೆ, ಕಾಲಿಗೆ ಸಿಗಲ್ಲ. ಖಾಲಿ ಜಾಗ ಹುಡುಕೋದು, ಪಾಸ್ ಬರೋಕೆ ಮುಂಚೆನೇ ತಲೆ ಎತ್ತಿ ನೋಡ್ಕೊಳ್ಳೋದು, ಇವೆಲ್ಲ ನಿಮಗೆ ಈಗಾಗ್ಲೇ ಬಂದಿರುತ್ತೆ, ಅದು ದೊಡ್ಡ ಆಸ್ತಿ. ಆದ್ರೆ ಐಸ್ ಮೇಲೆ ನಿಂತ ತಕ್ಷಣ ನೀವು ಫಾರ್ವರ್ಡೂ ಅಲ್ಲ ಡಿಫೆಂಡರೂ ಅಲ್ಲ, ಬೀಳದೆ ನಿಂತ್ಕೊಂಡ್ರೆ ಸಾಕಪ್ಪ ಅನ್ನೋ ಮನುಷ್ಯ. ಅದಕ್ಕೇ ಮೊದಮೊದ್ಲು ಕೋಲನ್ನ ಮನೇಲೇ ಬಿಟ್ಟು ಬರೀ ಸ್ಕೇಟಿಂಗ್ ಮಾಡಿ ಅಂತ ನಾನು ಹೇಳೋದು. ಮಂಡಿ ಬಗ್ಗಿಸಿ ಕೂತ ಹಾಗೆ ಇರೋದು, ಸ್ಕೇಟ್ ಬ್ಲೇಡಿನ ಒಳ ಅಂಚು ಹೊರ ಅಂಚು ಎರಡರ ಮೇಲೂ ತಿರುಗೋದು, ಹಿಂದಕ್ಕೆ ಹೋಗೋದು, ಎರಡೂ ಕಡೆಯಿಂದ ಬ್ರೇಕ್ ಹಾಕೋದು. ಕೋಲು ಕೈಯಲ್ಲಿದ್ರೆ ಜನ ಅದರ ಮೇಲೆ ಭಾರ ಹಾಕಿ ನಿಲ್ತಾರೆ, ಆ ಅಭ್ಯಾಸ ಆಮೇಲೆ ಬಿಡ್ಸೋದು ಕಷ್ಟ.

ಕೋಲಿನ ವಿಷಯಕ್ಕೆ ಬಂದ್ರೆ, ನಿಮ್ಮ ಹಾಕೀಲಿ ಚಪ್ಪಟೆ ಕಡೆಯಿಂದ ಮಾತ್ರ ಹೊಡೀಬೇಕು, ಎಲ್ಲರದ್ದೂ ಒಂದೇ ಥರದ ಕೋಲು. ಐಸ್ ಹಾಕೀಲಿ ಕೋಲಿನ ತುದಿಯ ಬ್ಲೇಡಿನ ಎರಡೂ ಕಡೆ ಬಳಸ್ಬಹುದು, ಲೆಫ್ಟ್ ರೈಟ್ ಅಂತ ಬೇರೆ ಬೇರೆ ಕೋಲು ಸಿಗುತ್ತೆ. ಎಡಗೈ ಮೇಲೆ ಬಲಗೈ ಕೆಳಗೆ ಹಿಡಿದು ರೂಢಿ ಇರೋದ್ರಿಂದ ನಿಮಗೆ ರೈಟ್ ಕೋಲು ಸರಿ ಅನ್ಸುತ್ತೆ, ಆದ್ರೂ ಒಮ್ಮೆ ಲೆಫ್ಟ್ ಹಿಡಿದು ನೋಡಿ, ಅಮೆರಿಕ-ಕೆನಡಾದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಆಟಗಾರರು ಲೆಫ್ಟ್‌ನಿಂದಲೇ ಹೊಡಿಯೋದು. ಇನ್ನೊಂದು ಅಂದ್ರೆ ಗೋಡೆ. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ 85 ಅಡಿ ಅಗಲ, ಸುತ್ತಲೂ ಬೋರ್ಡ್, ಪಕ್ (ಚೆಂಡಿನ ಬದಲು ಬಳಸೋ ಚಪ್ಪಟೆ ರಬ್ಬರ್ ಬಿಲ್ಲೆ) ಗೋಡೆಗೆ ಬಡಿದು ವಾಪಸ್ ಬಂದ್ರೂ ಆಟ ನಡೀತಾನೇ ಇರುತ್ತೆ, ಗೋಲ್ ಪೋಸ್ಟ್ ಹಿಂದೆನೂ ಆಡ್ಬಹುದು. ಸೈಡ್‌ಲೈನ್ ದಾಟ್ತು ಅಂತ ಉಸಿರು ಬಿಡೋಕೆ ಟೈಮೇ ಇರಲ್ಲ.

ಬೆಂಗಳೂರಲ್ಲಿ ಐಸ್ ಎಲ್ಲಿಂದ ತರೋದು? ಮಗಳಿಗೆ 12, ಇನ್‌ಲೈನ್ ಸ್ಕೇಟ್ಸ್ ಚೆನ್ನಾಗಿ ಓಡಿಸ್ತಾಳೆ. (ಜಯನಗರದ ತಂದೆ)

ಇನ್‌ಲೈನ್, ಅಂದ್ರೆ ಒಂದೇ ಸಾಲಲ್ಲಿ ಚಕ್ರ ಇರೋ ಸ್ಕೇಟ್ಸ್, ಗೊತ್ತಿದ್ರೆ ಅರ್ಧ ದಾರಿ ಬಂದ ಹಾಗೆ, ನಿಜವಾಗ್ಲೂ. ಊರಲ್ಲಿ ರೋಲರ್ ಸ್ಕೇಟಿಂಗ್ ಕೋಚ್‌ಗಳಿಗೇನೂ ಕಮ್ಮಿ ಇಲ್ಲ, ಅವರಲ್ಲಿ ಇನ್‌ಲೈನ್ ಹಾಕಿ ಯಾರು ಹೇಳ್ಕೊಡ್ತಾರೆ ಅಂತ ವಿಚಾರಿಸಿ. ಗೋಲಿ, ಅಂದ್ರೆ ಗೋಲ್ ಕೀಪರ್, ಬಿಟ್ಟು ನಾಲ್ಕೇ ಜನ ಆಡೋ ಆಟ ಅದು, ಐಸ್ ಮೇಲೆ ಐದು ಜನ, ಹಾಗಾಗಿ ಇನ್‌ಲೈನಲ್ಲಿ ಮಗುವಿಗೆ ಪಕ್ ಮುಟ್ಟೋ ಅವಕಾಶ ಜಾಸ್ತಿ. ಐಸ್‌ಗೆ ಹೋದಾಗ ತೊಡಕಾಗೋದು ಬ್ರೇಕ್‌ನಲ್ಲಿ. ಐಸ್ ಮೇಲೆ ಎರಡೂ ಕಾಲು ಅಡ್ಡ ತಿರುಗಿಸಿ ಬ್ಲೇಡ್ ಜಾರಿಸಿ ಐಸ್ ಕೆರೆದು ನಿಲ್ತಾರೆ, ಚಕ್ರಗಳು ಹಾಗೆ ಜಾರಲ್ಲ, ಅದನ್ನ ಅಲ್ಲೇ ಹೋಗಿ ಕಲೀಬೇಕು.

ಐಸ್ ಬೇಕೇಬೇಕು ಅಂದ್ರೆ ಡೆಹ್ರಾಡೂನ್‌ನ ಹಿಮಾದ್ರಿ ರಿಂಕ್ ಇದೆ, 2011ರಲ್ಲಿ ಕಟ್ಟಿ ಆಮೇಲೆ ಎಷ್ಟೋ ವರ್ಷ ಬೀಗ ಹಾಕಿದ್ರು, 2025ರಲ್ಲಿ ಮತ್ತೆ ತೆರೆದ್ರು. ಇಷ್ಟು ದೊಡ್ಡ ದೇಶದಲ್ಲಿ ಅಂಥ ರಿಂಕ್‌ಗೆ ಬೀಗ ಹಾಕಿ ಕೂತಿದ್ರು ಅಂದ್ರೆ ನನಗೆ ಈಗ್ಲೂ ಸಿಟ್ಟು ಬರುತ್ತೆ. ಇನ್ನು ಲಡಾಖ್. ನಮ್ಮ ದೇಶದ ಐಸ್ ಹಾಕಿಯ ತವರು ಅದೇ, ಹೆಣ್ಮಕ್ಳ ರಾಷ್ಟ್ರೀಯ ಟೀಮಿನ ಬಹುತೇಕರು ಅಲ್ಲಿಯವರೇ, 2016ರಲ್ಲಿ ತೈಪೆಯಲ್ಲಿ ಮೊದಲ ಸಲ ಅಂತಾರಾಷ್ಟ್ರೀಯ ಮ್ಯಾಚ್ ಆಡಿದವ್ರು, ಹೆಪ್ಪುಗಟ್ಟಿದ ಕೆರೆ ಕುಂಟೆಗಳ ಮೇಲೆ ಆಡಿ ಬೆಳೆದವ್ರು. ಡಿಸೆಂಬರ್ ಕೊನೆಯಿಂದ ಫೆಬ್ರವರಿ ಶುರುವರೆಗೆ, ಹೆಚ್ಚುಕಮ್ಮಿ ಅಷ್ಟೇ ಅವರ ಸೀಸನ್, ಚಳಿ ತಡವಾದ್ರೆ ಅದೂ ಕಮ್ಮಿ. ಮಗಳನ್ನ ಕರ್ಕೊಂಡು ಹೋಗೋದಾದ್ರೆ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ ಅನ್ನೋದು ನೆನಪಿರ್ಲಿ, ಇಳಿದ ದಿನವೇ ಸ್ಕೇಟ್ಸ್ ಹಾಕ್ಸ್ಬೇಡಿ, ಎರಡು ಮೂರು ದಿನ ಸುಮ್ನೆ ಓಡಾಡ್ಕೊಂಡಿರಿ.

ಅಲ್ಲಿವರೆಗೆ ಮನೇಲೇ ಮಾಡೋದು ಬೇಕಾದಷ್ಟಿದೆ. ಒಂಟಿ ಕಾಲಲ್ಲಿ ಸ್ಕ್ವಾಟ್, ಪಕ್ಕಕ್ಕೆ ಹಾರಿ ಒಂದೇ ಕಾಲಲ್ಲಿ ನಿಲ್ಲೋದು, ನುಣುಪಾದ ಟೈಲ್ಸ್ ಮೇಲೆ ಗಾಲ್ಫ್ ಬಾಲ್ ಇಟ್ಟು ಕೋಲಲ್ಲಿ ಆಚೆ ಈಚೆ ಆಡಿಸೋದು, ಕಣ್ಣು ಬಾಲ್ ಮೇಲಲ್ಲ, ಎದುರುಗಡೆ ಟೀವಿ ಮೇಲೆ. ಓಟದ ವಿಷಯದಲ್ಲಿ ಐದು ಕಿಲೋಮೀಟರ್ ಜಾಗಿಂಗ್‌ಗಿಂತ 40 ಸೆಕೆಂಡ್ ಪೂರ್ತಿ ಜೋರಾಗಿ ಓಡಿ ಎರಡು ನಿಮಿಷ ರೆಸ್ಟ್ ತಗೊಂಡು ಮತ್ತೆ ಓಡೋದು ಒಳ್ಳೇದು, ಯಾಕಂದ್ರೆ ಈ ಆಟದಲ್ಲಿ ಒಬ್ಬ ಆಟಗಾರ ಒಂದು ಸಲಕ್ಕೆ ಐಸ್ ಮೇಲಿರೋದು ಒಂದು ನಿಮಿಷಕ್ಕಿಂತ ಕಮ್ಮಿನೇ.

ಕೆನಡಾಗೆ ಬಂದು ನಾಲ್ಕು ವರ್ಷ ಆಯ್ತು, ಒಂಬತ್ತು ವರ್ಷದ ಮಗ ಹಾಕಿ ಹಾಕಿ ಅಂತ ಪ್ರಾಣ ತಿಂತಿದಾನೆ. ನನಗೆ ಏಟಿನ ಭಯ, ಅವರಪ್ಪಂಗೆ ಖರ್ಚಿನ ಭಯ. (ಮಿಸಿಸಾಗಾದ ಅಮ್ಮ)

ಏಟಿನ ಬಗ್ಗೆ ಮೊದ್ಲು ಹೇಳ್ತೀನಿ. ಟೀವೀಲಿ ನೋಡೋ ಗುದ್ದಾಟ ನಿಮ್ಮ ಮಗನ ವಯಸ್ಸಿಗೆ ಇಲ್ವೇ ಇಲ್ಲ. ಕೆನಡಾದಲ್ಲಿ ಮೈಯಿಂದ ಗುದ್ದಿ ಪಕ್ ಕಿತ್ಕೊಳ್ಳೋದು, ಅಂದ್ರೆ ಬಾಡಿ ಚೆಕ್ಕಿಂಗ್, ಹದಿಮೂರು ತುಂಬೋ ವರ್ಷಕ್ಕಿಂತ ಮುಂಚೆ ಯಾವ ಲೆವೆಲಲ್ಲೂ ಇಲ್ಲ, 2013ರಲ್ಲಿ ತಂದ ನಿಯಮ ಅದು, ಹೌಸ್ ಲೀಗಲ್ಲಿ (ಊರಿನ ಮಕ್ಕಳೇ ತಮ್ಮತಮ್ಮಲ್ಲಿ ಆಡೋ ಲೀಗ್) ಸಾಮಾನ್ಯವಾಗಿ ಆಮೇಲೂ ಇರಲ್ಲ. ಹೆಲ್ಮೆಟ್‌ಗೆ ಮುಖ ಪೂರ್ತಿ ಮುಚ್ಚೋ ಕೇಜ್ ಇರುತ್ತೆ. ನೆಕ್ ಗಾರ್ಡ್ ಅಲ್ಲಿ ಮಕ್ಕಳಿಗೆ ಕಡ್ಡಾಯ, ಸೆಖೆ ಆಗುತ್ತೆ ಅಂತ ತೆಗೀತಾನೆ, ಬಿಡ್ಬೇಡಿ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡ್‌ನ ಶೆಫೀಲ್ಡ್‌ನಲ್ಲಿ ಆಡಮ್ ಜಾನ್ಸನ್ ಅನ್ನೋ ಪ್ರೊಫೆಷನಲ್ ಆಟಗಾರ ಎದುರಾಳಿಯ ಸ್ಕೇಟ್ ಬ್ಲೇಡ್ ಕುತ್ತಿಗೆಗೆ ತಗುಲಿ ತೀರ್ಕೊಂಡ್ರು, ಅದಾದ್ಮೇಲೇ ಅಮೆರಿಕದಲ್ಲೂ ಮಕ್ಕಳಿಗೆ ಇದನ್ನ ಕಡ್ಡಾಯ ಮಾಡಿದ್ದು. ನಿಮ್ಮನ್ನ ಹೆದರ್ಸೋಕೆ ಹೇಳ್ತಿಲ್ಲಮ್ಮ, ಆ ಒಂದು ವಿಷಯದಲ್ಲಿ ಮಗನ ಹತ್ರ ಚೌಕಾಸಿ ಬೇಡ ಅಂತ ಅಷ್ಟೇ.

ಖರ್ಚು ಮಾತ್ರ ನಿಜ, ನಿಮ್ಮ ಯಜಮಾನ್ರ ಭಯ ಸರಿಯಾಗೇ ಇದೆ. ಪ್ಯಾಡು, ಗ್ಲೌಸು, ಪ್ಯಾಂಟು, ಶಿನ್ ಗಾರ್ಡು ಎಲ್ಲಾ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಮಕ್ಕಳು ಬೆಳೀತಾನೇ ಇರೋದ್ರಿಂದ ಒಳ್ಳೊಳ್ಳೆ ಸಾಮಾನು ಸಿಗುತ್ತೆ. ಹೆಲ್ಮೆಟ್ ಮಾತ್ರ ಹೊಸದು. ಸ್ಕೇಟ್ಸ್‌ನ ಜೂನ್ ತಿಂಗಳಲ್ಲಿ ಸ್ಕೂಲ್ ಶೂ ತಗೊಳ್ಳೋ ಹಾಗೆ ಮುಂದಿನ ವರ್ಷಕ್ಕೂ ಆಗ್ಲಿ ಅಂತ ದೊಡ್ಡದು ತಗೋಬೇಡಿ, ಶೂ ಸೈಜ್‌ಗಿಂತ ಒಂದು ಒಂದೂವರೆ ಸೈಜ್ ಚಿಕ್ಕದೇ ಬೇಕಾಗುತ್ತೆ, ಕಣಕಾಲು ಒಳಗೆ ಅಲ್ಲಾಡಿದ್ರೆ ಆ ಮಗು ಸ್ಕೇಟಿಂಗ್ ಕಲಿಯಲ್ಲ. ಮೊದಲ ಸೀಸನ್ ಹೌಸ್ ಲೀಗ್ ಸಾಕು. ರೆಪ್ ಟೀಮ್ (ಆಯ್ಕೆ ಮಾಡಿ ಬೇರೆ ಊರುಗಳ ಜೊತೆ ಆಡಿಸೋ ಟೀಮ್) ಅಂತ ಯಾರಾದ್ರೂ ಆಸೆ ತೋರ್ಸಿದ್ರೆ ದುಡ್ಡಿನ ಜೊತೆ ಚಳಿಗಾಲದ ವೀಕೆಂಡೆಲ್ಲಾ ಹೈವೇಲಿ ಕಳೀಬೇಕಾಗುತ್ತೆ ಅಂತ ತಿಳ್ಕೊಂಡೇ ಒಪ್ಕೊಳ್ಳಿ.

ಮ್ಯಾಚ್ ನೋಡ್ತೀನಿ, ಪಕ್ ಕಾಣಲ್ಲ, ಯಾಕೆ ಸೀಟಿ ಹೊಡೆದ್ರು ಗೊತ್ತಾಗಲ್ಲ. ಭಾರತದಿಂದ ಫಾಲೋ ಮಾಡೋದು ಹೇಗೆ? (ಹುಬ್ಬಳ್ಳಿ ಓದುಗರು)

ಇದು ನಿಮ್ಮೊಬ್ಬರ ಕಷ್ಟ ಅಲ್ಲ. ಅಮೆರಿಕದ ಫಾಕ್ಸ್ ಚಾನೆಲ್‌ನವ್ರು 1996ರಲ್ಲಿ ಪಕ್ ಒಳಗೇ ಎಲೆಕ್ಟ್ರಾನಿಕ್ಸ್ ಇಟ್ಟು ಟೀವೀಲಿ ಅದಕ್ಕೆ ನೀಲಿ ಹೊಳಪು ಬರೋ ಹಾಗೆ ಮಾಡಿದ್ರು, ಹಳೇ ಅಭಿಮಾನಿಗಳು ಬೈದ ಬೈಗಳಕ್ಕೆ ಲೆಕ್ಕ ಇಲ್ಲ. ಪಕ್ ಹುಡುಕ್ಬೇಡಿ, ಆಟಗಾರರ ಮೈ ನೋಡಿ, ಎಲ್ಲರೂ ಯಾವ ಕಡೆ ವಾಲ್ತಿದಾರೋ ಪಕ್ ಅಲ್ಲೇ ಇರುತ್ತೆ. ಸೀಟಿಗೆ ಮುಖ್ಯ ಕಾರಣ ಎರಡು. ಎದುರಾಳಿ ಕಡೆಯ ನೀಲಿ ಗೆರೆನ ಪಕ್‌ಗಿಂತ ಮುಂಚೆ ಆಟಗಾರ ದಾಟಿದ್ರೆ ಆಫ್‌ಸೈಡ್. ತಮ್ಮ ಅರ್ಧದಿಂದ ಹೊಡೆದ ಪಕ್ ಯಾರಿಗೂ ಮುಟ್ಟದೆ ಎದುರಾಳಿ ಗೋಲ್ ಗೆರೆ ದಾಟಿ ಹೋದ್ರೆ ಐಸಿಂಗ್, ಎನ್‌ಎಚ್‌ಎಲ್‌ನಲ್ಲಿ ಹಾಗೆ ಮಾಡಿದ ಟೀಮ್ ಆಟಗಾರರನ್ನ ಬದಲಾಯಿಸೋ ಹಾಗೂ ಇಲ್ಲ, ಸುಸ್ತಾದ ಐವರೇ ನಿಂತು ಆಡ್ಬೇಕು. ಆಗ ಸ್ಕ್ರೀನ್ ಬಿಟ್ಟು ಕದಲ್ಬೇಡಿ, ಗೋಲ್ ಬೀಳೋ ಹೊತ್ತು ಅದು.

ಎನ್‌ಎಚ್‌ಎಲ್‌ನಲ್ಲಿ ಒಟ್ಟು 32 ಟೀಮ್, ಅಕ್ಟೋಬರ್ ಹೊತ್ತಿಗೆ ಶುರು, 16 ಟೀಮ್ ಪ್ಲೇಆಫ್‌ಗೆ, ಅಂದ್ರೆ ನಾಕ್‌ಔಟ್ ಸುತ್ತುಗಳಿಗೆ, ಹೋಗುತ್ತೆ, ಪ್ರತಿ ಸುತ್ತೂ ಏಳರಲ್ಲಿ ನಾಲ್ಕು ಗೆಲ್ಬೇಕು, ಲೀಗ್‌ನ ಟ್ರೋಫಿ ಸ್ಟಾನ್ಲಿ ಕಪ್ ಎತ್ತೋ ಹೊತ್ತಿಗೆ ಜೂನ್. ಅಮೆರಿಕದ ಪೂರ್ವ ಕರಾವಳಿಯ ಸಂಜೆ ಏಳರ ಮ್ಯಾಚ್ ನಮಗೆ ಚಳಿಗಾಲದಲ್ಲಿ ಬೆಳಿಗ್ಗೆ ಐದೂವರೆಗೆ, ಪ್ಲೇಆಫ್ ಹೊತ್ತಿಗೆ ನಾಲ್ಕೂವರೆಗೆ. ಏಳೋಕಾಗಲ್ಲ ಅಂದ್ರೆ ಲೀಗ್‌ನವ್ರೇ ಯೂಟ್ಯೂಬಲ್ಲಿ ಹಾಕೋ ಹೈಲೈಟ್ಸ್ ಸಾಕು. ಟೊರೊಂಟೊ ಮೇಪಲ್ ಲೀಫ್ಸ್‌ಗೆ ಮನಸ್ಸು ಕೊಟ್ರೆ ಮಾತ್ರ ನನ್ನನ್ನ ಬೈಬೇಡಿ, ಅವ್ರು ಕೊನೇ ಸಲ ಕಪ್ ಗೆದ್ದಿದ್ದು 1967ರಲ್ಲಿ. ಹಾಗೇ ಒಮ್ಮೆ ಪಂಜಾಬಿ ಕಾಮೆಂಟರಿ ಹುಡುಕಿ ಕೇಳಿ, 2016ರ ಫೈನಲ್‌ನಲ್ಲಿ ಪಿಟ್ಸ್‌ಬರ್ಗ್‌ನ ನಿಕ್ ಬೊನಿನೊ ಗೋಲ್ ಹೊಡೆದಾಗ ಕಾಮೆಂಟೇಟರ್ ಹರ್ನಾರಾಯಣ್ ಸಿಂಗ್ 'ಬೊನಿನೊ ಬೊನಿನೊ ಬೊನಿನೊ' ಅಂತ ಕೂಗಿದ್ದು ಉತ್ತರ ಅಮೆರಿಕ ತುಂಬಾ ಓಡಾಡ್ತು. ಕನ್ನಡದಲ್ಲಿ ಯಾರಾದ್ರೂ ಯಾಕೆ ಮಾಡ್ಬಾರ್ದು ಅಂತ ನನಗೆ ಆವಾಗಾವಾಗ ಅನ್ಸುತ್ತೆ.

ಹೊಡೆದಾಡ್ಕೊಂಡ್ರೆ ರೆಫ್ರಿ ಸುಮ್ನೆ ಯಾಕೆ ನೋಡ್ತಾ ನಿಲ್ತಾರೆ? (ಶಿವಮೊಗ್ಗ)

ನಡುವೆ ನುಗ್ಗಿದ್ರೆ ಅವರಿಗೇ ಬೀಳುತ್ತೆ, ಅದಕ್ಕೇ ಒಬ್ಬ ಕೆಳಗೆ ಬೀಳೋವರೆಗೆ ಅಥವಾ ಇಬ್ಬರೂ ಸುಸ್ತಾಗೋವರೆಗೆ ಕಾಯ್ತಾರೆ. ಎನ್‌ಎಚ್‌ಎಲ್‌ನಲ್ಲಿ ಐದು ನಿಮಿಷ ಆಚೆ ಕೂರಿಸೋ ಶಿಕ್ಷೆ ಅಷ್ಟೇ, ಒಲಿಂಪಿಕ್ಸಲ್ಲಿ ಆಟದಿಂದಲೇ ಆಚೆ ಹಾಕ್ತಾರೆ. ಫೈಟ್ ಇಲ್ಲದಿದ್ರೂ ಒಲಿಂಪಿಕ್ಸ್ ಹಾಕಿ ಒಂಚೂರೂ ಸಪ್ಪೆ ಅನ್ಸಲ್ಲ, ಹಾಗಾಗಿ ಫೈಟ್ ಬೇಕೇಬೇಕು ಅನ್ನೋ ವಾದ ನಾನಂತೂ ನಂಬಲ್ಲ.

ಮಗನಿಗೆ ಸ್ಕೇಟಿಂಗ್ ಅಷ್ಟಾಗಿ ಬರಲ್ಲ, ಗೋಲ್‌ ಕೀಪರ್ ಮಾಡ್ಬಹುದಾ? (ಡಲ್ಲಾಸ್‌ನಿಂದ ತಂದೆ)

ಇಲ್ಲ ಸಾರ್. ಗಲ್ಲಿ ಕ್ರಿಕೆಟ್‌ನಲ್ಲಿ ಆಡೋಕೆ ಬರದವನಿಗೆ ಕೀಪಿಂಗ್ ಕೊಡೋ ಲೆಕ್ಕ ಇಲ್ಲಿ ನಡೆಯಲ್ಲ. ಗೋಲಿ ಮೂರು ಪೀರಿಯಡ್, ಅಂದ್ರೆ 60 ನಿಮಿಷ, ಬದಲಿ ಇಲ್ದೆ ನಿಂತಿರ್ತಾನೆ, ಪಕ್ಕಕ್ಕೆ ಜಾರೋದು, ಮಂಡಿ ಊರಿ ಬೀಳೋದು, ಅದೇ ಕ್ಷಣ ಎದ್ದು ಇನ್ನೊಂದು ಕಂಬಕ್ಕೆ ಹೋಗೋದು, ಪೂರ್ತಿ ಕಾಲಿನ ಕೆಲಸ. ಇನ್ನೊಂದು ಸೀಸನ್ ಸ್ಕೇಟಿಂಗ್ ಕ್ಲಾಸಿಗೆ ಹಾಕಿ. ಆಮೇಲೂ ಗೋಲೇ ಬೇಕು ಅಂತ ಹಠ ಮಾಡಿದ್ರೆ ಪ್ಯಾಡ್ ಕೊಳ್ಳೋಕೆ ಮುಂಚೆ ಕ್ಲಬ್ಬಲ್ಲಿ ಕೇಳಿ, ಚಿಕ್ಕ ಮಕ್ಕಳಿಗೆ ಎಷ್ಟೋ ಕಡೆ ಗೋಲಿ ಸಾಮಾನು ಕ್ಲಬ್‌ನವ್ರೇ ಎರವಲು ಕೊಡ್ತಾರೆ.