ತಪ್ಪು ಯಾರದು ಅನ್ನುವುದಕ್ಕೂ ಮೊದಲು

ಓದುಗರ ಪತ್ರ: ಕಳೆದ ಸಂಚಿಕೆಯ ‘ಖಾಲಿ ಪುಸ್ತಕ’ ಕೇಸ್ ಸ್ಟಡಿಯನ್ನು ನನ್ನ ತರಗತಿಯಲ್ಲಿ ಓದಿಸಿದೆ. ಹತ್ತೇ ನಿಮಿಷಕ್ಕೆ ಚರ್ಚೆ ಮುಗಿಯಿತು. ‘ಮೇಲಧಿಕಾರಿ ಕೆಟ್ಟವರು, ನರ್ಸ್ ಪಾಪ’ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿಬಿಟ್ಟರು. ಒಂದು ಆಸ್ಪತ್ರೆಯ ಒಂದು ಘಟನೆಯಿಂದ ಏನು ತಾನೇ ಸಾಬೀತಾಗುತ್ತದೆ? ಸರಿ ಉತ್ತರ ಯಾವುದು ಅಂತ ನೀವೂ ಹೇಳಿಲ್ಲ. ಇದು ಕಲಿಕೆಯೋ, ಸುಮ್ನೆ ಕಾಲಕ್ಷೇಪವೋ?
– ಒಬ್ಬ ಉಪನ್ಯಾಸಕಿ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:

ನಮಸ್ಕಾರ ಮೇಡಂ,

ಆ ಪ್ರಕರಣ ಓದದವರಿಗಾಗಿ ಎರಡು ಮಾತು. ಅದು ನಾವೇ ಕಟ್ಟಿದ್ದು. ಒಂದು ವಾರ್ಡಿನಲ್ಲಿ ಒಂದೇ ಥರ ಕಾಣುವ ಎರಡು ಔಷಧಿ ಬಾಟಲಿ ಅಕ್ಕಪಕ್ಕ ಇರುತ್ತವೆ. ರಾತ್ರಿ ಪಾಳಿಯ ನರ್ಸ್ ತಪ್ಪು ಬಾಟಲಿ ಎತ್ತಿಕೊಂಡು, ಕೊನೇ ಕ್ಷಣದಲ್ಲಿ ಗಮನಿಸಿ ನಿಲ್ಲಿಸುತ್ತಾರೆ. ಯಾರಿಗೂ ತೊಂದರೆ ಆಗುವುದಿಲ್ಲ. ನಿಯಮದಂತೆ ಅದನ್ನು ಘಟನೆ ಪುಸ್ತಕದಲ್ಲಿ ಬರೆಯುತ್ತಾರೆ. ಮಾರನೇ ದಿನ ಅವರ ಕೈಗೆ ಮೆಮೊ ಬರುತ್ತದೆ. ಆಮೇಲೆ ಆ ಪುಸ್ತಕದಲ್ಲಿ ಯಾರೂ ಒಂದಕ್ಷರ ಬರೆಯುವುದಿಲ್ಲ. ವರ್ಷದ ಕೊನೆಯ ಸಭೆಯಲ್ಲಿ ‘ಈ ವಾರ್ಡಿನಲ್ಲಿ ತಪ್ಪುಗಳೇ ಇಲ್ಲ’ ಎಂದು ಚಪ್ಪಾಳೆ ಬೀಳುತ್ತದೆ.

ನಿಮ್ಮ ವಿದ್ಯಾರ್ಥಿಗಳು ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ಕೊನೆ ಗೊತ್ತಿತ್ತು. ಕೊನೆ ಗೊತ್ತಿದ್ದಾಗ ಎಲ್ಲರೂ ಜಾಣರೇ. ಪತ್ರಿಕೆ ಇಡೀ ಪ್ರಕರಣ ಅಚ್ಚು ಹಾಕಬೇಕು, ಬೇರೆ ದಾರಿಯಿಲ್ಲ. ತರಗತಿಗೆ ಆ ಕಟ್ಟುಪಾಡಿಲ್ಲ. ಮೆಮೊಗೆ ಅಧಿಕಾರಿ ಸಹಿ ಹಾಕುವ ಹೊತ್ತಿಗೆ ಓದು ನಿಲ್ಲಿಸಿ ನೋಡಿ. ಅವರ ಮೇಜಿನ ಮೇಲೆ ಏನೇನಿದೆ? ‘ತಪ್ಪಾದರೂ ಕ್ರಮ ಇಲ್ಲವೇ’ ಎಂದು ಮೇಲಿನಿಂದ ಬಂದ ಫೋನ್ ಇರಬಹುದು. ರೋಗಿಯ ಮನೆಯವರು ದೂರು ಕೊಟ್ಟಾರು ಎಂಬ ಭಯ ಇರಬಹುದು. ಆ ಕುರ್ಚಿಯಲ್ಲಿ ಕೂತವರಿಗೆ ಮೆಮೊ ಕೊಡುವುದು ಯಾಕೆ ಸರಿ ಅನ್ನಿಸಿತು? ಕೇಸ್ ಸ್ಟಡಿಯಿಂದ ಸಿಗಬೇಕಾದ ಪಾಠವೆಲ್ಲ ಈ ಪ್ರಶ್ನೆಯಲ್ಲಿದೆ ಎಂದು ನಾನು ನಂಬುತ್ತೇನೆ. ಕೆಟ್ಟವರು ಮಾಡಿದ ಕೆಟ್ಟ ಕೆಲಸದಿಂದ ಸಂಸ್ಥೆಗಳ ಬಗ್ಗೆ ತಿಳಿಯುವುದು ಕಡಿಮೆ. ಸಾಮಾನ್ಯ ಜನ, ಒಳ್ಳೇ ಮನಸ್ಸಿನಿಂದಲೇ ಮಾಡಿದ ತಪ್ಪುಗಳಿಂದ ತಿಳಿಯುವುದೇ ಜಾಸ್ತಿ.

ಇದಕ್ಕೆ ನಿಜಜೀವನದ ಉದಾಹರಣೆ ಬೇಕಾದರೆ 1986ರ ಜನವರಿ 27ರ ಸಂಜೆಗೆ ಹೋಗೋಣ. ಮರುದಿನ ಬೆಳಿಗ್ಗೆ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ಚಳಿ ವಿಪರೀತ. ನೌಕೆಯನ್ನು ಮೇಲಕ್ಕೆ ತಳ್ಳುವ ಬೂಸ್ಟರ್ ರಾಕೆಟ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿಯ ಇಂಜಿನಿಯರುಗಳು ನಾಸಾ ಜೊತೆ ಫೋನ್ ಸಭೆಯಲ್ಲಿದ್ದಾರೆ. ರಾಕೆಟ್ಟಿನ ಜೋಡಣೆಗಳಲ್ಲಿ ಬಿಸಿ ಅನಿಲ ಸೋರದಂತೆ ತಡೆಯುವ ಓ-ರಿಂಗ್ ಎಂಬ ರಬ್ಬರ್ ಬಳೆಗಳು ಚಳಿಗೆ ಗಡುಸಾಗುತ್ತವೆ, 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ (ಸುಮಾರು 12 ಡಿಗ್ರಿ ಸೆಲ್ಸಿಯಸ್) ಕಡಿಮೆ ಇದ್ದರೆ ಹಾರಿಸುವುದು ಬೇಡ ಅನ್ನುತ್ತಾರೆ. ನಾಸಾ ಅಧಿಕಾರಿಗಳು ಒಪ್ಪುವುದಿಲ್ಲ. ಕಂಪನಿಯವರು ಒಳಗೊಳಗೇ ಮಾತಾಡಿಕೊಳ್ಳಲು ಐದು ನಿಮಿಷ ಕೇಳುತ್ತಾರೆ. ಅದು ಸುಮಾರು ಅರ್ಧ ಗಂಟೆ ಎಳೆಯುತ್ತದೆ. ಆ ಅರ್ಧ ಗಂಟೆಯಲ್ಲಿ ಹಿರಿಯ ಮ್ಯಾನೇಜರ್ ಒಬ್ಬರು ಇಂಜಿನಿಯರಿಂಗ್ ಮುಖ್ಯಸ್ಥರಿಗೆ, ಇಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಎನ್ನುತ್ತಾರೆ. ಫೋನಿಗೆ ವಾಪಸ್ ಬಂದಾಗ ಕಂಪನಿಯ ಸಲಹೆ ‘ಹಾರಿಸಬಹುದು’ ಎಂದು ಬದಲಾಗಿದೆ. ಬೆಳಿಗ್ಗೆ ಹಾರಿದ ನೌಕೆ 73 ಸೆಕೆಂಡಿಗೆ ಛಿದ್ರವಾಯಿತು. ಏಳು ಮಂದಿ ಸತ್ತರು.

ಇದನ್ನು ಹೀಗೆ ಹೇಳಿದರೆ ಯಾವ ತರಗತಿಯಾದರೂ ‘ಮ್ಯಾನೇಜರ್ ಕೆಟ್ಟವ’ ಎಂದು ಎದ್ದು ಹೋಗುತ್ತದೆ, ಅಲ್ವಾ? ಅದಕ್ಕೇ ಮ್ಯಾನೇಜ್‌ಮೆಂಟ್ ಓದಿಸುವವರು ಇದರ ವೇಷವನ್ನೇ ಬದಲಿಸಿದ್ದಾರೆ. ರಾಕೆಟ್ ಬದಲು ಕಾರ್ ರೇಸ್ ತಂಡ. ಚಳಿ ಬೆಳಿಗ್ಗೆ. ಕೆಲವು ರೇಸುಗಳಲ್ಲಿ ಎಂಜಿನ್ ಕೆಟ್ಟಿದೆ. ಇವತ್ತು ಓಡಿಸುವುದೋ ಬೇಡವೋ? ವಿದ್ಯಾರ್ಥಿಗಳ ಕೈಗೆ ಎಂಜಿನ್ ಕೆಟ್ಟ ದಿನಗಳ ಲೆಕ್ಕ ಮಾತ್ರ ಕೊಡುತ್ತಾರೆ. ಅದರಲ್ಲಿ ಚಳಿಯ ದಿನವೂ ಇದೆ, ಸೆಕೆಯ ದಿನವೂ ಇದೆ. ಚಳಿಗೂ ಎಂಜಿನ್ನಿಗೂ ಸಂಬಂಧ ಕಾಣುವುದಿಲ್ಲ. ‘ಎಂಜಿನ್ ಕೆಡದ ದಿನಗಳ ಲೆಕ್ಕ ಎಲ್ಲಿ?’ ಎಂದು ಕೇಳುವವರು ಕಡಿಮೆ. ನಾಸಾ ವಿಷಯದಲ್ಲೂ ಆಗಿದ್ದು ಇದೇ. ಹಾನಿಯಾದ ಉಡಾವಣೆಗಳ ಪಕ್ಕದಲ್ಲಿ ಹಾನಿಯಾಗದವನ್ನೂ ಇಟ್ಟು ನೋಡಿದ್ದರೆ, 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದಾಗ ಒಂದು ಉಡಾವಣೆಯೂ ಓ-ರಿಂಗ್ ತೊಂದರೆಯಿಲ್ಲದೆ ಮುಗಿದಿರಲಿಲ್ಲ ಎಂಬುದು ಕಣ್ಣಿಗೆ ಹೊಡೆಯುತ್ತಿತ್ತು.

ಕಾರ್ ಓಡಿಸೋಣ ಎಂದು ಕೈ ಎತ್ತಿದ ಮೇಲೆ, ಇದು ಚಾಲೆಂಜರ್ ಕಥೆ ಎಂದು ತಿಳಿದಾಗ ವಿದ್ಯಾರ್ಥಿಗೆ ಆಗುವ ಅನುಭವ ಯಾವ ಉಪನ್ಯಾಸದಿಂದಲೂ ಬರುವುದಿಲ್ಲ. ಆ ಮ್ಯಾನೇಜರ್ ಈಗ ದೂರದವನಲ್ಲ.

ಇನ್ನು, ಒಂದು ಘಟನೆಯಿಂದ ಏನು ಸಾಬೀತಾಗುತ್ತದೆ ಎಂಬ ನಿಮ್ಮ ಪ್ರಶ್ನೆ. ನಿಮ್ಮ ಅನುಮಾನ ನ್ಯಾಯವಾದದ್ದೇ. 1964ರಲ್ಲಿ ನ್ಯೂಯಾರ್ಕಿನಲ್ಲಿ ಯುವತಿಯೊಬ್ಬಳ ಕೊಲೆಯಾಯಿತು. 38 ಮಂದಿ ನೋಡುತ್ತ ನಿಂತರು, ದಾಳಿ ನಡೆಯುತ್ತಿದ್ದಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ಪತ್ರಿಕೆ ಬರೆಯಿತು. ಆ ಕಥೆ ಮನಃಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ದಶಕಗಳ ಕಾಲ ಕೂತಿತು. 2007ರಲ್ಲಿ ಮೂವರು ಸಂಶೋಧಕರು ದಾಖಲೆಗಳನ್ನು ಮತ್ತೆ ನೋಡಿದಾಗ, 38 ಜನ ಸುಮ್ಮನೆ ನಿಂತು ನೋಡಿದ್ದರು ಅನ್ನುವುದಕ್ಕೆ ಆಧಾರವೇ ಸಿಗಲಿಲ್ಲ. ಆದರೆ ಆ ಕಥೆ ಡಾರ್ಲಿ ಮತ್ತು ಲಟಾನೆ ಎಂಬ ಮನಃಶಾಸ್ತ್ರಜ್ಞರಲ್ಲಿ ಒಂದು ಪ್ರಶ್ನೆ ಹುಟ್ಟಿಸಿತ್ತು. ಸುತ್ತ ಜನ ಜಾಸ್ತಿ ಇದ್ದರೆ ಸಹಾಯಕ್ಕೆ ಮುಂದಾಗುವುದು ಕಡಿಮೆಯಾಗುತ್ತದೆಯೇ? ಅವರು ಅದನ್ನು ಪ್ರಯೋಗ ಮಾಡಿ ನೋಡಿದರು, 1968ರಲ್ಲಿ ಪ್ರಕಟಿಸಿದರು. ಘಟನೆ ಪ್ರಶ್ನೆ ಕೊಟ್ಟಿತು, ಉತ್ತರಕ್ಕೆ ಬೇರೆ ಕೆಲಸ ಬೇಕಾಯಿತು. ಪ್ರಕರಣವೊಂದಕ್ಕೆ ಇಷ್ಟೇ ಭಾರ ಹೊರಿಸಿ ಸಾಕು.

ಒಂದು ವಿಷಯದಲ್ಲಿ ಮಾತ್ರ ಅದಕ್ಕೆ ದೊಡ್ಡ ಶಕ್ತಿಯಿದೆ. ‘ಎಲ್ಲ ಕಡೆ ಹೀಗೇ ಆಗುತ್ತದೆ’ ಎಂಬ ಮಾತನ್ನು ಮುರಿಯಲು ಒಂದೇ ಪ್ರಕರಣ ಸಾಕು. ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ ಎಂದು ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಬಹಳ ಜನ ಒಪ್ಪಿದ್ದರು. ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಹಳ್ಳಿಗಳ ಪ್ರಕರಣಗಳನ್ನು ಒಂದೊಂದಾಗಿ ಕಲೆಹಾಕಿದರು. ಅದರಲ್ಲಿ ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಒಂದು. ಚಳಿಗಾಲದಲ್ಲಿ ಎಷ್ಟು ಹಸುಗಳನ್ನು ಸ್ವಂತ ಮೇವಿನಿಂದ ಸಾಕಬಲ್ಲೆಯೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿಡಬಹುದು ಎಂಬ ನಿಯಮ ಅಲ್ಲಿ 1517ರಿಂದಲೂ ಇತ್ತು. ಜನ ತಾವೇ ನಿಯಮ ಮಾಡಿ, ತಾವೇ ಕಾವಲಿದ್ದು, ಹುಲ್ಲು ಉಳಿಸಿಕೊಂಡಿದ್ದರು. ಈ ಕೆಲಸಕ್ಕೆ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ನನಗೆ ಬಹಳ ಕಾಲದಿಂದ ಕೊರೆಯುವ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ 1921ರಲ್ಲಿ ಮೊದಲ ಕೇಸ್ ಬರೆದಾಗಿನಿಂದ, ಇಂಥ ಬರಹಗಳಲ್ಲಿ ಹೆಚ್ಚಿನವು ಓದುಗರನ್ನು ಕೂರಿಸುವುದು ಯಜಮಾನರ ಕುರ್ಚಿಯಲ್ಲೇ. ‘ನೀವು ನಿರ್ದೇಶಕರಾಗಿದ್ದರೆ ಏನು ಮಾಡುತ್ತಿದ್ದಿರಿ?’ ನಿಮ್ಮ ತರಗತಿಯಲ್ಲಿ ಎಷ್ಟು ಮಂದಿ ನಿರ್ದೇಶಕರಾಗುತ್ತಾರೆ? ಬಹುಪಾಲು ಮಂದಿ ಆ ನರ್ಸಿನ ಜಾಗದಲ್ಲಿರುತ್ತಾರೆ, ಅಥವಾ ಮೆಮೊ ಟೈಪ್ ಮಾಡುವವರ ಜಾಗದಲ್ಲಿ. ಅಥವಾ ಮೆಮೊ ನೋಡಿ ‘ಇನ್ನು ನಾನೂ ಬರೆಯಲ್ಲ’ ಎಂದು ಪುಸ್ತಕ ಮುಚ್ಚಿದ ಸಹೋದ್ಯೋಗಿಯ ಜಾಗದಲ್ಲಿ. ನಮ್ಮ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಆ ಸಹೋದ್ಯೋಗಿಯೇ. ಆಕೆಗೆ ಯಾರೂ ಏನೂ ಹೇಳಿರಲಿಲ್ಲ. ಆದರೂ ಕಲಿಯಬೇಕಾದ್ದನ್ನು ಆಕೆ ಒಂದೇ ದಿನದಲ್ಲಿ ಕಲಿತುಬಿಟ್ಟಳು.

ಹಾಗಾಗಿ ಇನ್ನೊಮ್ಮೆ ಪ್ರಯತ್ನ ಮಾಡಿ ಮೇಡಂ. ಈ ಸಲ ಹಾಳೆಯನ್ನು ಮೆಮೊ ಬಳಿ ಕತ್ತರಿಸಿ ಕೊಡಿ. ಮಾತು ಶುರುವಾಗುವ ಮೊದಲೇ ಪ್ರತಿಯೊಬ್ಬರೂ ತಮ್ಮ ತೀರ್ಮಾನ ಬರೆದಿಡಲಿ. ಇಲ್ಲದಿದ್ದರೆ ಮೊದಲು ಬಾಯಿಬಿಟ್ಟವರ ಹಿಂದೆ ಎಲ್ಲರೂ ಹೋಗುತ್ತಾರೆ. ‘ಇನ್ನೇನು ಮಾಹಿತಿ ಬೇಕು?’ ಎಂದು ಕೇಳಿ, ಕೇಳಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ. ಉಳಿದ ಅರ್ಧ ಹಾಳೆ ಆಮೇಲೆ ಕೊಡಿ. ಸರಿ ಉತ್ತರವನ್ನು ನಾನು ಈಗಲೂ ಹೇಳುವುದಿಲ್ಲ. ಆ ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಟ್ಟವರು ಯಾರು, ಯಾಕೆ ಇಟ್ಟರು ಎಂದು ನಿಮ್ಮ ತರಗತಿಯಲ್ಲಿ ಯಾರಾದರೂ ಕೇಳುತ್ತಾರಾ ನೋಡಿ. ಕೇಳಿದರೆ ನನಗೆ ಬರೆಯಿರಿ. ಬೋರ್ಡಿನ ಮೇಲಿನ ಪ್ರಶ್ನೆಗಳನ್ನೂ ಕಳಿಸಿ, ಮುಂದಿನ ಪ್ರಕರಣದ ಜೊತೆ ಅಚ್ಚು ಹಾಕುತ್ತೇವೆ.

– ಸಂಪಾದಕ